ಲಂಡನ್ನಿಗೆ ಹೊರಟ ತಂಗಿಗೆ, ವೀರರಾಜನ ವಿಷಯ

ತಂಗಿ, ನೀನು ಬರೆದದ್ದು ಎರಡು ಸಲ ಓದಿದೆ. ಮದುವೆಯಾಗಿ ನಾಲ್ಕು ತಿಂಗಳು, ಗಂಡ ಆಗಲೇ ಲಂಡನ್ನಲ್ಲಿ, ನಿನಗೂ ಡಿಪೆಂಡೆಂಟ್ ವೀಸಾ ಬಂದಾಯ್ತು. ರಾತ್ರಿ ನಿದ್ದೆ ಬಾರದೆ, ಕೊಡಗಿನ ಕೊನೆಯ ರಾಜನ ಮೇಲೆ ಮಾಸ್ತಿಯವರು ಬರೆದ ‘ಚಿಕವೀರ ರಾಜೇಂದ್ರ’ ಕಾದಂಬರಿ ಹಿಡಿದು ಕೂತಿದ್ದೆ, ಅವನ ರಾಣಿ ಗೌರಮ್ಮನಲ್ಲಿ ನನ್ನನ್ನೇ ಕಂಡ ಹಾಗಾಯ್ತು, ಅವಳ ಹಾಗೆ ಸಹಿಸಿಕೊಂಡು ಗಂಡನ ಹಿಂದೆ ಹೋಗೋದೇ ನನ್ನ ಹಣೇಲಿ ಬರೆದಿದೆಯಾ ಅಕ್ಕಾ, ಅಂತ ಕೇಳಿದೀಯ.

ನಾನು ಈಗ ಲಂಡನ್ನಿಂದ ರಜೆ ಮೇಲೆ ಬಂದು ಸೋಮವಾರಪೇಟೆ ಹತ್ತಿರ ನಮ್ಮ ಮನೇಲೇ ಇದೀನಿ. ಎದುರಿಗೆ ಕಣದ ತುಂಬ ರೊಬಸ್ಟಾ ಕಾಫಿ ಚೆರಿ ಹರಡಿದೆ. ಅಮ್ಮ ಆಗಾಗ ಎದ್ದು ಹೋಗಿ ಕೈಯಾಡಿಸಿ, ಒಂದು ಹಿಡಿ ತೆಗೆದು ಕಿವಿ ಹತ್ತಿರ ಅಲ್ಲಾಡಿಸ್ತಾಳೆ. ಒಳಗಿನ ಬೀಜ ಗಲಗಲ ಅಂದರೆ ಒಣಗಿದೆ ಅಂತ ಲೆಕ್ಕ. ಇನ್ನೂ ಅಂದಿಲ್ಲ. ಹಾಗಾಗಿ ನನಗೂ ಬರೆಯೋಕೆ ಪುರುಸೊತ್ತಿದೆ.

ಆ ಕಾದಂಬರಿಯನ್ನ ನಾನು ಮೊದಲು ಓದಿದ್ದು ಮಡಿಕೇರಿಲಿ ಕಾಲೇಜಿಗೆ ಹೋಗುವಾಗ. ನಮ್ಮ ಕ್ಲಾಸಲ್ಲಿ ಹುಡುಗರೆಲ್ಲ ಮಂತ್ರಿ ಬೋಪಣ್ಣ, ಹುಡುಗಿಯರೆಲ್ಲ ಗೌರಮ್ಮ. ಕೆಟ್ಟುಹೋದ ಗಂಡ, ಸುತ್ತ ಪಿತೂರಿ, ಅದರ ನಡುವೆ ಮನೆ, ಮಗಳು, ಮರ್ಯಾದೆ ಮೂರನ್ನೂ ಹಿಡಿದು ನಿಂತ ರಾಣಿ. ಅವಳು ನಾನೇ ಅಂದುಕೊಳ್ಳೋದು ಯಾವ ಹುಡುಗಿಗೂ ಇಷ್ಟವೇ. ರಾಜ ಮಾತ್ರ ಯಾರಿಗೂ ಬೇಡ. ಕುಡುಕ, ಕ್ರೂರಿ, ಒಡನಾಡಿ ಕುಂಟ ಬಸವನ ಮಾತಿಗೆ ಕುಣಿಯೋನು. ಅವನಲ್ಲಿ ತನ್ನನ್ನ ಯಾರು ನೋಡಿಕೊಳ್ತಾರೆ?

ನಾನು ನೋಡಿಕೊಂಡೆ. ಅದೂ ಲಂಡನ್ನಿಗೆ ಹೋದ ಮೇಲೆ.

ಮೊದಲ ಕೆಲಸ ವಯಸ್ಸಾದವರ ಆರೈಕೆ ಮನೇಲಿ. ಎರಡನೇ ವಾರವೇ ಇರಬೇಕು, ಒಬ್ಬ ಅಜ್ಜಿ ಟೀ ಕೇಳಿದಳು, ಮಾಡಿಕೊಟ್ಟೆ. ಒಂದು ಗುಟುಕು ಕುಡಿದು ಕಪ್ಪನ್ನ ನನ್ನ ಕಡೆ ತಳ್ಳಿ, ಹಾಲು ಜಾಸ್ತಿಯಾಯ್ತು, ಇನ್ನೊಂದು ಮಾಡು ಅಂದಳು. ಅಷ್ಟೇ. ದನಿಯಲ್ಲಿ ಕೋಪವೂ ಇರಲಿಲ್ಲ. ನನಗೆ ಮಾತ್ರ ಕಿವಿ ಬಿಸಿಯಾಯ್ತು. ನಮ್ಮ ಮನೇಲಿ ತೋಟದ ಆಳುಗಳಿಗೆ ಕಾಫಿ ಕಾಯಿಸೋಕೆ ಬೇರೆ ಆಳಿದ್ದಳು, ನಾನು ಇವಳಿಗೆ ಟೀ ಮಾಡ್ತಾ ನಿಂತಿದೀನಲ್ಲ ಅಂತ. ಅವತ್ತಿಂದ ಶುರು. ಜೊತೆ ಕೆಲಸ ಮಾಡೋರ ಮುಂದೆ ನಮ್ಮ ತೋಟ ಬೆಳೆಯೋದೇನು! ಎಂಟು ಎಕರೆ ಹದಿನೈದಾಯ್ತು, ಹಂಚಿನ ಮನೆ ಹೆಚ್ಚುಕಮ್ಮಿ ನಾಲ್ಕುನಾಡು ಅರಮನೆಯಾಯ್ತು. ಫಿಲಿಪೀನ್ಸಿನ ಒಬ್ಬಳು ಕೊನೆಗೆ ಕೇಳಿಯೇಬಿಟ್ಟಳು, ಅಷ್ಟಿದ್ರೆ ಇಲ್ಲಿಗ್ಯಾಕೆ ಬಂದೆ?

ಆ ಚಳಿಗಾಲದಲ್ಲಿ ಪುಸ್ತಕ ಮತ್ತೆ ತೆಗೆದೆ. ಈ ಸಲ ಗೌರಮ್ಮನ ಪುಟಗಳು ಸುಮ್ಮನೆ ಸರಿದುಹೋದವು. ನಾನು ಯಾರು ಗೊತ್ತಾ ಅಂತ ಗುಡುಗೋ ರಾಜ ಬಂದಾಗಲೆಲ್ಲ ಕನ್ನಡಿ ಹಿಡಿದ ಹಾಗಾಗೋದು.

ಕಾದಂಬರಿ ಬದಿಗಿಟ್ಟು ಚರಿತ್ರೆಯ ರಾಜನನ್ನೇ ನೋಡು. 1834ರಲ್ಲಿ ಇಂಗ್ಲಿಷರು ಪಟ್ಟದಿಂದ ಇಳಿಸಿದರು, ಕಾಶಿಗೆ ಕಳಿಸಿದರು. 1852ರಲ್ಲಿ ಮಗಳನ್ನ ಕರೆದುಕೊಂಡು ಲಂಡನ್ನಿಗೆ ಹೋದ, ಈಸ್ಟ್ ಇಂಡಿಯಾ ಕಂಪನಿಯ ಕೈಲಿದ್ದ ಮನೆತನದ ಹಣಕ್ಕೆ ಅಲ್ಲಿನ ಕೋರ್ಟು ಹತ್ತಿದ. ನಮ್ಮ ಜಿಲ್ಲೆಯಿಂದ ಆ ಊರಿಗೆ ಹೋದ ಮೊದಲಿಗರಲ್ಲಿ ಅವನೊಬ್ಬ ಇರಬೇಕು, ನಾವೆಲ್ಲ ಅವನ ಹಿಂದೆ. ಹೋದ ರಾಜ್ಯದ ಲೆಕ್ಕ ಹಾಕ್ತಾ ಹಾಕ್ತಾ ಅಲ್ಲೇ ತೀರಿಹೋದ. ರಾಜರ ಸಮಾಧಿ ಇರೋ ಮಡಿಕೇರಿ ಗದ್ದುಗೆಗೆ ಹೋಗಿದೀಯಲ್ಲ, ಅಲ್ಲಿ ಇವನ ದೊಡ್ಡಪ್ಪ ದೊಡ್ಡವೀರರಾಜೇಂದ್ರ ಇದಾನೆ, ಅಪ್ಪ ಲಿಂಗರಾಜೇಂದ್ರ ಇದಾನೆ. ಇವನಿಲ್ಲ.

ಮಗಳ ಹೆಸರೂ ಗೌರಮ್ಮ ಅಂತಲೇ. ಹತ್ತು ಹನ್ನೊಂದು ವರ್ಷದ ಹುಡುಗಿಗೆ ಅದೇ 1852ರಲ್ಲಿ ಕ್ರೈಸ್ತ ದೀಕ್ಷಾಸ್ನಾನ, ವಿಕ್ಟೋರಿಯಾ ರಾಣಿಯೇ ಧರ್ಮತಾಯಿ, ರಾಣಿಯ ಹೆಸರೇ ಇವಳಿಗೂ. ಇಂಗ್ಲಿಷರ ಮನೇಲಿ ಬೆಳೆದಳು, 1860ರಲ್ಲಿ ಇಂಗ್ಲಿಷ್ ಸೈನ್ಯದ ಕ್ಯಾಂಪ್‌ಬೆಲ್ ಅನ್ನೋನನ್ನ ಮದುವೆಯಾದಳು, 1864ರಲ್ಲಿ ಸತ್ತಳು. ಇಪ್ಪತ್ತೆರಡಕ್ಕೇ. ಸಮಾಧಿ ಬ್ರಾಂಪ್ಟನ್ ಸ್ಮಶಾನದಲ್ಲಿದೆ. ನಾನು ಒಂದೇ ಸಲ ಹೋಗಿದ್ದು, ಮಳೆ ಹಿಡಿದುಕೊಂಡಿತ್ತು. ಆ ಹುಡುಗಿಗೆ ಕನ್ನಡದಲ್ಲಿ ಬೈಯೋಕಾದರೂ ಒಬ್ಬರು ಇದ್ದರೋ ಇಲ್ಲವೋ ಅಂತ ಯೋಚನೆ ಬಂತು. ದೊಡ್ಡ ಅರಮನೆ, ದೊಡ್ಡ ರಾಣಿ, ಎಲ್ಲ ಸರಿ.

ಅದಕ್ಕೇ ಹೇಳೋದು, ನೀನು ರಾಣಿ ಗೌರಮ್ಮ ಅಲ್ಲ. ಗೌರಮ್ಮನಿಗೆ ಸ್ವಂತ ಬ್ಯಾಂಕ್ ಖಾತೆ ಇರಲಿಲ್ಲ. ನೀನು ಅಲ್ಲಿಗೆ ಹೋಗಿ ತಿಂಗಳೊಳಗೇ ನಿನ್ನ ಹೆಸರಲ್ಲಿ ಒಂದು ಮಾಡಿಸಿಕೋ. ಗಂಡನದು ಸ್ಕಿಲ್ಡ್ ವರ್ಕರ್ ವೀಸಾ ಅಂದಿದೀಯ, ಹಾಗಿದ್ರೆ ಡಿಪೆಂಡೆಂಟ್ ಆಗಿದ್ರೂ ನೀನು ಕೆಲಸ ಮಾಡಬಹುದು, ಯಾರ ಅಪ್ಪಣೆಯೂ ಬೇಡ. ನಮ್ಮ ಲೈಸೆನ್ಸಲ್ಲಿ ಅಲ್ಲಿ ಒಂದು ವರ್ಷ ಗಾಡಿ ಓಡಿಸಬಹುದು, ಆಮೇಲೆ ಅಲ್ಲಿನ ಟೆಸ್ಟೇ ಪಾಸಾಗಬೇಕು. ನಾನು ಎರಡು ಸಲ ಫೇಲಾದೆ. ಭಾಗಮಂಡಲದ ತಿರುವಿನಲ್ಲಿ ಜೀಪ್ ಓಡಿಸಿದವಳಿಗೆ ಇದ್ಯಾವ ಟೆಸ್ಟು ಅನ್ನೋ ಜಂಬ, ಮತ್ತೆ ಅದೇ ರಾಜ. ಹೋದ ಕೂಡಲೇ ಹತ್ತಿರದ ಡಾಕ್ಟರ ಹತ್ತಿರ ಹೆಸರು ಬರೆಸು, ಕಾಯಿಲೆ ಬರಲಿ ಅಂತ ಕಾಯಬೇಡ. ಡಿಸೆಂಬರಲ್ಲಿ ಸಂಜೆ ನಾಲ್ಕಕ್ಕೆ ಮುಂಚೇನೇ ಸೂರ್ಯ ಮುಳುಗಿ ಕತ್ತಲಾಗೋಕೆ ಶುರು. ನಮ್ಮ ಆಷಾಢದ ಮಳೆ ನೋಡಿದವರಿಗೆ ಇದೇನು ಅಂತ ನಾನೂ ಅಂದುಕೊಂಡಿದ್ದೆ. ಹಾಗಲ್ಲ. ಇಲ್ಲಿ ಮಳೆಗೆ ಸದ್ದಿದೆ, ಒಲೆ ಮುಂದೆ ಜನ ಇದಾರೆ. ಅಲ್ಲಿನ ಕತ್ತಲು ಸದ್ದಿಲ್ಲದೆ ಬರುತ್ತೆ. ಆ ಹೊತ್ತಿಗೆ ಒಬ್ಬಳೇ ಮನೇಲಿ ಕೂರಬೇಡ, ಲೈಬ್ರರಿಗಾದರೂ ಹೋಗು, ದುಡ್ಡು ಕೇಳಲ್ಲ.

ಟೀ ಅಜ್ಜಿ ಕತೆ ಅಲ್ಲಿಗೇ ಮುಗಿಯಲಿಲ್ಲ. ಮೂರು ವರ್ಷ ನನ್ನ ಕೈಯ ಟೀಯೇ ಕುಡಿದಳು, ಬೇರೆ ಯಾರು ಮಾಡಿದ್ರೂ ತಳ್ಳೋಳು. ಹಾಲು ಎಷ್ಟು ಹಾಕಬೇಕು ಅನ್ನೋದು ನನ್ನ ಕೈಗೆ ಬಂದುಬಿಟ್ಟಿತ್ತು.

ಅಮ್ಮ ಕರೀತಿದಾಳೆ, ಮೋಡ ಕಟ್ಟಿದೆ, ಚೆರಿ ರಾಶಿ ಮಾಡಿ ಟಾರ್ಪಾಲ್ ಮುಚ್ಚಬೇಕು. ಕೊನೆಗೆ ಕೇಳಿದ್ದೆಯಲ್ಲ, ಪುಸ್ತಕ ಜೊತೆಗೆ ತರಲಾ ಅಂತ. ಬೇಡ, ನನ್ನ ಹತ್ತಿರ ಇದೆ, ಕೊಡ್ತೀನಿ. ಆ ತೂಕಕ್ಕೆ ಕಾಫಿ ಪುಡಿ ತಾ.