ವಿಲ್ ಇದೆ ಅಂತ ಮಕ್ಕಳಿಗೆ ಯಾರು ಹೇಳುತ್ತಾರೆ?

ಪ್ರಶ್ನೆ: ನಾನು ನಿವೃತ್ತ ಶಿಕ್ಷಕಿ. ಯಜಮಾನರು ತೀರಿಕೊಂಡ ಮೇಲೆ ಶಿವಮೊಗ್ಗದಲ್ಲಿ ಒಬ್ಬಳೇ ಇದ್ದೇನೆ. ಮಗ ಪುಣೆಯಲ್ಲಿ, ಮಗಳು ಕೆನಡಾದಲ್ಲಿ. ನನ್ನ ಸಂಬಳದಲ್ಲಿ ಕಟ್ಟಿಸಿದ ಮನೆ ಮಗಳಿಗೆ, ಬ್ಯಾಂಕಿನ ಹಣ ಮಗನಿಗೆ ಅಂತ ವಿಲ್ ಬರೆದು ಬೀರುವಿನಲ್ಲಿ ಇಟ್ಟಿದ್ದೇನೆ. ರಿಜಿಸ್ಟರ್ ಮಾಡಿಸಿದರೆ ನಾನು ಹೋದ ಮೇಲೆ ಅವರಿಗೆ ತಾನಾಗಿ ಗೊತ್ತಾಗುತ್ತದೆಯೇ? ನಾನಿರುವಾಗಲೇ ಬೇರೆಯವರು ತೆಗೆಸಿ ಓದಬಹುದೇ?

ಉತ್ತರ: ತಾನಾಗಿ ಗೊತ್ತಾಗುವುದಿಲ್ಲ. ಸಬ್ ರಿಜಿಸ್ಟ್ರಾರ್ ಕಚೇರಿಯಿಂದ ಮಕ್ಕಳಿಗೆ ಪತ್ರ ಹೋಗುವುದಿಲ್ಲ. ಇಡೀ ದೇಶದ ವಿಲ್‌ಗಳನ್ನು ಒಂದೇ ಕಡೆ ಹುಡುಕುವ ವ್ಯವಸ್ಥೆಯೂ ನಮ್ಮಲ್ಲಿಲ್ಲ. ಮನೆಯ ಇಸಿ (ಋಣಭಾರ ಪ್ರಮಾಣಪತ್ರ) ತೆಗೆಸಿದರೆ ಸಿಗುತ್ತದೆ ಅಂತ ತುಂಬ ಜನ ನಂಬಿದ್ದಾರೆ. ಅಲ್ಲೂ ಸಿಗುವುದಿಲ್ಲ. ಕ್ರಯ, ಅಡಮಾನ ಇವೆಲ್ಲ ದಾಖಲಾಗುವುದು ನೋಂದಣಿ ಕಚೇರಿಯ 1ನೇ ಪುಸ್ತಕದಲ್ಲಿ, ಇಸಿ ಬರುವುದೂ ಅಲ್ಲಿಂದಲೇ. ವಿಲ್‌ಗೆ 3ನೇ ಪುಸ್ತಕ ಬೇರೆಯೇ ಇದೆ.

ಹಾಗಂತ ಬೀರುವಿನಲ್ಲೇ ಬಿಡಬೇಡಿ. ವಿಲ್ ಸಿಗದಿದ್ದರೆ ನಿಮ್ಮ ಮನೆ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಇಬ್ಬರು ಮಕ್ಕಳಿಗೂ ಸಮಪಾಲು. ನಿಮ್ಮ ಇಷ್ಟಕ್ಕೆ ಅಲ್ಲಿ ಜಾಗವೇ ಇರುವುದಿಲ್ಲ. ರಿಜಿಸ್ಟರ್ ಕಡ್ಡಾಯವಲ್ಲ, ಬಿಳಿ ಹಾಳೆಯಲ್ಲಿ ಬರೆದ ವಿಲ್ ಕೂಡ ಊರ್ಜಿತವೇ. ಸ್ಟಾಂಪ್ ಡ್ಯೂಟಿಯೂ ಇಲ್ಲ. ಆದರೂ ನಾನು ಮಾಡಿಸಿ ಅಂತಲೇ ಹೇಳುತ್ತೇನೆ. ಮೂಲ ಪ್ರತಿ ಕಳೆದರೂ, ಯಾರಾದರೂ ಹರಿದು ಹಾಕಿದರೂ ನಕಲು ಸರ್ಕಾರಿ ಪುಸ್ತಕದಲ್ಲಿ ಉಳಿದಿರುತ್ತದೆ.

ಗುಟ್ಟಿನ ಬಗ್ಗೆ ಭಯ ಬೇಡ. 1908ರ ನೋಂದಣಿ ಕಾಯ್ದೆಯ 57ನೇ ಸೆಕ್ಷನ್ ಪ್ರಕಾರ, ನೀವಿರುವವರೆಗೆ ವಿಲ್‌ನ ನಕಲು ಸಿಗುವುದು ನಿಮಗೆ ಅಥವಾ ನೀವು ನೇಮಿಸಿದ ಏಜೆಂಟ್‌ಗೆ ಮಾತ್ರ. ನಿಮ್ಮ ನಂತರ ಮಕ್ಕಳು ಮರಣ ಪ್ರಮಾಣಪತ್ರದೊಂದಿಗೆ ಅರ್ಜಿ ಕೊಟ್ಟು ದೃಢೀಕೃತ ನಕಲು ಪಡೆಯಬಹುದು.

ಕಚೇರಿಯವರೂ ಓದಬಾರದು ಅನಿಸಿದರೆ ಇನ್ನೊಂದು ದಾರಿಯಿದೆ, ಯಾಕೋ ಇದನ್ನು ಬಳಸುವವರು ಕಡಿಮೆ. ವಿಲ್ ಅನ್ನು ಲಕೋಟೆಯಲ್ಲಿಟ್ಟು, ಸೀಲ್ ಮಾಡಿ, ಮೇಲೆ ನಿಮ್ಮ ಹೆಸರು ಮತ್ತು ಒಳಗಿರುವುದು ವಿಲ್ ಅಂತ ಬರೆದು ಜಿಲ್ಲಾ ನೋಂದಣಾಧಿಕಾರಿ ಬಳಿ ಠೇವಣಿ ಇಡಬಹುದು. ನೀವಿರುವಾಗ ವಾಪಸ್ ಕೇಳಿ ಪಡೆಯಬಹುದು. ನಿಮ್ಮ ನಂತರ ಮಕ್ಕಳು ಅರ್ಜಿ ಕೊಟ್ಟರೆ ಅವರೆದುರೇ ಲಕೋಟೆ ತೆರೆದು, 3ನೇ ಪುಸ್ತಕಕ್ಕೆ ನಕಲು ಮಾಡುತ್ತಾರೆ. ಮೂಲ ಪ್ರತಿ ಅಲ್ಲೇ ಉಳಿಯುತ್ತದೆ.

ಯಾವ ದಾರಿ ಹಿಡಿದರೂ ಮಕ್ಕಳಿಗೆ ಹೇಳುವ ಕೆಲಸ ನಿಮ್ಮದೇ. ಯಾರಿಗೆ ಏನು ಬರೆದಿದ್ದೀರಿ ಅಂತ ಹೇಳಬೇಕಿಲ್ಲ. ಯಾವ ಕಚೇರಿ, ಯಾವ ತಾರೀಖು, ನಂಬರ್ ಎಷ್ಟು, ಅಷ್ಟು ಸಾಕು. ಇಬ್ಬರಿಗೂ ಒಂದೇ ದಿನ ತಿಳಿಸಿ. ಒಬ್ಬರಿಗೆ ಮಾತ್ರ ಹೇಳಿದರೆ ಆಮೇಲೆ ಅನುಮಾನಕ್ಕೆ ದಾರಿಯಾಗುತ್ತದೆ. ಮೂಲ ಪ್ರತಿಯನ್ನು ನಿಮ್ಮೊಬ್ಬರ ಹೆಸರಿನ ಲಾಕರ್‌ನಲ್ಲಿ ಇಡಬೇಡಿ. ಆ ಲಾಕರ್ ತೆರೆಸುವುದಕ್ಕೇ ಮಕ್ಕಳು ಓಡಾಡಬೇಕಾಗುತ್ತದೆ.

ಇನ್ನು ಸಾಕ್ಷಿಗಳು. ರಿಜಿಸ್ಟರ್ ಆದ ಮಾತ್ರಕ್ಕೆ ಕೋರ್ಟ್ ಒಪ್ಪಿಬಿಡುವುದಿಲ್ಲ. ಮೈಸೂರಿನ ವಿಲ್ ಒಂದರ ವಿಚಾರದಲ್ಲಿ 1958ರಲ್ಲೇ ಸುಪ್ರೀಂ ಕೋರ್ಟ್ ಹೇಳಿದ ಮಾತು ಇಂದಿಗೂ ನಡೆಯುತ್ತಿದೆ: ಅನುಮಾನ ಹುಟ್ಟಿಸುವ ಸಂಗತಿ ಇದ್ದರೆ, ವಿಲ್ ತಂದವರೇ ಅದನ್ನು ನಿವಾರಿಸಬೇಕು. ಕನಿಷ್ಠ ಇಬ್ಬರು ಸಾಕ್ಷಿಗಳ ಸಹಿ ಬೇಕೇ ಬೇಕು. ಮುಂದೆ ತಕರಾರು ಬಂದರೆ ಅವರಲ್ಲಿ ಒಬ್ಬರಾದರೂ ಬಂದು ಹೇಳಬೇಕಾಗುತ್ತದೆ. ಹಾಗಾಗಿ ನಿಮಗಿಂತ ಚಿಕ್ಕವರನ್ನು, ಆಸ್ತಿ ಪಡೆಯದವರನ್ನು ಹಾಕಿಕೊಳ್ಳಿ.

ಪ್ರಶ್ನೆ: ರಿಜಿಸ್ಟರ್ ಆದ ವಿಲ್ ಬದಲಾಯಿಸಬಹುದೇ?

ಉತ್ತರ: ಎಷ್ಟು ಸಲ ಬೇಕಾದರೂ. ಕ್ರಮವಾಗಿ ಬರೆದ ಕೊನೆಯ ವಿಲ್ ರಿಜಿಸ್ಟರ್ ಆಗಿರದಿದ್ದರೂ ಅದೇ ನಡೆಯುತ್ತದೆ. ಆದರೆ ಮೊದಲನೆಯದು ಪುಸ್ತಕದಲ್ಲಿದ್ದು, ಎರಡನೆಯದು ಮನೆಯಲ್ಲಿದ್ದರೆ ಜಗಳ ಗ್ಯಾರಂಟಿ. ಹೊಸದನ್ನೂ ರಿಜಿಸ್ಟರ್ ಮಾಡಿಸಿ, ಹಳೆಯದರ ನಂಬರ್ ಮತ್ತು ತಾರೀಖು ಹಾಕಿ ಅದು ರದ್ದು ಅಂತ ಅದರಲ್ಲೇ ಬರೆಯಿರಿ.