ಮಗುವಿನ ಹೆಸರು ಶಾಲೆಯಲ್ಲಿ, ಕಲಿಕೆ ಮನೆಯಲ್ಲಿ: ಗೃಹಾಧಾರಿತ ಶಿಕ್ಷಣ ನಿಜವಾಗಿ ನಡೆಯುವುದು ಹೇಗೆ?

ಪ್ರಶ್ನೆ: ಮುಧೋಳ ತಾಲ್ಲೂಕಿನ ತೋಟದ ಮನೆಯಲ್ಲಿದ್ದೇವೆ. ಮಗಳಿಗೆ ಎಂಟು ವರ್ಷ, ಸೆರೆಬ್ರಲ್ ಪಾಲ್ಸಿ (ಮಿದುಳಿನ ತೊಂದರೆಯಿಂದ ಕೈಕಾಲು ಹತೋಟಿಗೆ ಬಾರದ ಸ್ಥಿತಿ). ನಡೆಯುವುದಿಲ್ಲ, ಮಾತು ಸ್ಪಷ್ಟವಿಲ್ಲ, ಆದರೆ ನಾವು ಹೇಳಿದ್ದು ಬಹಳಷ್ಟು ತಿಳಿಯುತ್ತದೆ. "ಹೆಸರು ಹಚ್ಚಿಕೊಳ್ತೀವಿ, ಮನ್ಯಾಗ ಇರಲಿ, ಟೀಚರ್ ಅಲ್ಲಿಗೇ ಬರ್ತಾರ" ಎಂದು ಶಾಲೆಯಲ್ಲಿ ಹೇಳಿದ್ದಾರೆ. ಟೀಚರ್ ಬಂದು ಏನು ಕಲಿಸುತ್ತಾರೆ? ನಾನೇನು ಮಾಡಬೇಕು?

ಉತ್ತರ:

ಅಕ್ಕಾವ್ರೆ, ಟೀಚರ್ ಬರುವುದು ಮುಖ್ಯವಾಗಿ ನಿಮಗೆ ಕಲಿಸಲು. ವಾರಕ್ಕೊಮ್ಮೆ ಒಂದು ತಾಸು ಬಂದರು ಅಂತಲೇ ಇಟ್ಟುಕೊಳ್ಳಿ, ವಾರದ 168 ತಾಸಿನಲ್ಲಿ ಅದು ಒಂದೇ ಒಂದು. ಆ ಒಂದು ತಾಸಿನಲ್ಲಿ ಟೀಚರ್ ಮಗುವಿನ ಜೊತೆ ಕೂತಿದ್ದು, ನೀವು ಚಹಾ ಮಾಡಲು ಒಳಗೆ ಹೋದರೆ ಆ ವಾರ ಮುಗಿಯಿತು. ಚಹಾ ಆಮೇಲೆ ಆಗಲಿ, ಮೊದಲು ಪಕ್ಕದಲ್ಲಿ ಕೂಡ್ರಿ, ಅವರು ಮಾಡಿದ್ದನ್ನು ಅವರ ಎದುರೇ ಒಮ್ಮೆ ಮಾಡಿ ತೋರಿಸಿ. ಎಲ್ಲಿ ತಪ್ಪಿತು ಎಂದು ಅಲ್ಲೇ ತಿಳಿಯುತ್ತದೆ.

ಹೀಗೆ ಮನೆಗೆ ಬರುವವರನ್ನು ನಮ್ಮ ಕಡೆ ಬಿಐಇಆರ್‌ಟಿ ಎನ್ನುತ್ತಾರೆ, ಅಂದರೆ ತಾಲ್ಲೂಕಿನ ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರು. ಅವರ ಕಚೇರಿ ಬಿಆರ್‌ಸಿ, ಅಂದರೆ ಕ್ಷೇತ್ರ ಸಂಪನ್ಮೂಲ ಕೇಂದ್ರ. ಮುಧೋಳದಲ್ಲಿ ನಿಮಗೆ ಗೊಂದಲವಿಲ್ಲ. ಆದರೆ ಇತ್ತೀಚೆಗೆ ಹೊಸ ತಾಲ್ಲೂಕು ಆದ ಕಡೆ ಶಿಕ್ಷಣ ಇಲಾಖೆಯ ಕಚೇರಿ ಇನ್ನೂ ಹಳೆಯ ತಾಲ್ಲೂಕಿನಲ್ಲೇ ಇರಬಹುದು, ಕೇಳಿಕೊಂಡು ಹೋಗಬೇಕು. ಬೆಳಗಾವಿ ಜಿಲ್ಲೆಯವರು ಇದನ್ನು ಓದುತ್ತಿದ್ದರೆ, ಅಥಣಿ, ರಾಯಬಾಗ, ಗೋಕಾಕ, ಹುಕ್ಕೇರಿ ಕಡೆಯವರಿಗೆ ಶೈಕ್ಷಣಿಕ ಜಿಲ್ಲೆ ಚಿಕ್ಕೋಡಿ. ದೂರು ಒಯ್ಯುವುದಿದ್ದರೆ ಬೆಳಗಾವಿ ಬಸ್ ಹತ್ತಬೇಡಿ.

ಈಗ ಶಾಲೆಯವರು ಹೇಳಿದ ಮಾತಿಗೆ ಬರುತ್ತೇನೆ. ಶಿಕ್ಷಣ ಹಕ್ಕು ಕಾಯ್ದೆ 2009ಕ್ಕೆ 2012ರಲ್ಲಿ ಆದ ತಿದ್ದುಪಡಿಯ ಪ್ರಕಾರ, ಬಹುವಿಧ ಅಂಗವೈಕಲ್ಯ ಅಥವಾ ತೀವ್ರ ಅಂಗವೈಕಲ್ಯ ಇರುವ ಮಗು ಮನೆಯಲ್ಲೇ ಕಲಿಯುವುದನ್ನು ಆರಿಸಿಕೊಳ್ಳಬಹುದು. ತೀವ್ರ ಅಂದರೆ 80% ಅಥವಾ ಅದಕ್ಕಿಂತ ಹೆಚ್ಚು. ಆರಿಸಿಕೊಳ್ಳುವ ಹಕ್ಕು ಮಗುವಿನದು, ಮಗುವಿನ ಪರವಾಗಿ ನಿಮ್ಮದು. ಶಾಲೆಗೆ ಬರಬಲ್ಲ ಮಗುವನ್ನು "ಮನ್ಯಾಗ ಇರಲಿ" ಎಂದು ದೂಡಲು ಈ ದಾರಿ ಇಟ್ಟಿಲ್ಲ. ನಿಮ್ಮ ಮಗಳಿಗೆ ಮಾತು ತಿಳಿಯುತ್ತದೆ ಎಂದು ಬರೆದಿದ್ದೀರಿ. ಗಾಲಿ ಕುರ್ಚಿ, ಇಳಿಜಾರು ದಾರಿ, ಕರೆದೊಯ್ಯಲು ಒಬ್ಬರು ಇದ್ದರೆ ವಾರದಲ್ಲಿ ಎರಡು ದಿನವಾದರೂ ಶಾಲೆಗೆ ಹೋಗಬಲ್ಲಳೇ? ಈ ಪ್ರಶ್ನೆಯನ್ನು ಬಿಐಇಆರ್‌ಟಿಗೆ ಮೊದಲ ದಿನವೇ ಕೇಳಿ. ಅರ್ಧ ಮನೆ, ಅರ್ಧ ಶಾಲೆ ಎಂಬ ವ್ಯವಸ್ಥೆ ನನ್ನ ಲೆಕ್ಕದಲ್ಲಿ ಎರಡಕ್ಕಿಂತ ಒಳ್ಳೆಯದು. (ಅಂಗವೈಕಲ್ಯ ಇಲ್ಲದ ಮಗುವನ್ನು ತಮ್ಮ ಇಚ್ಛೆಯಿಂದ ಮನೆಯಲ್ಲೇ ಓದಿಸಬೇಕು ಎನ್ನುವವರಿಗೆ ಈ ಕಾರ್ಯಕ್ರಮ ಅನ್ವಯಿಸುವುದಿಲ್ಲ. ಅದು ಬೇರೆಯೇ ವಿಷಯ.)

ಕಾಗದಪತ್ರ. ಹತ್ತಿರದ ಸರ್ಕಾರಿ ಶಾಲೆಯಲ್ಲಿ ವಯಸ್ಸಿಗೆ ತಕ್ಕ ತರಗತಿಗೆ ಹೆಸರು ದಾಖಲಾಗಬೇಕು, ಸ್ಯಾಟ್ಸ್ ಸಂಖ್ಯೆ, ಅಂದರೆ ಶಿಕ್ಷಣ ಇಲಾಖೆಯ ಗಣಕದಲ್ಲಿ ಪ್ರತಿ ವಿದ್ಯಾರ್ಥಿಗಿರುವ ಸಂಖ್ಯೆ, ಬರಬೇಕು. ಆ ಸಂಖ್ಯೆ ಇಲ್ಲದಿದ್ದರೆ ಪುಸ್ತಕ, ಸಮವಸ್ತ್ರ, ಸಲಕರಣೆ ಯಾವ ಪಟ್ಟಿಯಲ್ಲೂ ಮಗು ಕಾಣುವುದಿಲ್ಲ. "ಹೆಸರು ಹಚ್ಚೀವಿ" ಎಂಬ ಬಾಯಿಮಾತಿಗೆ ತೃಪ್ತರಾಗದೆ ಸಂಖ್ಯೆ ಬರೆಸಿಕೊಳ್ಳಿ. ಜೊತೆಗೆ ಬೇಕಾದದ್ದು ಜನನ ಪ್ರಮಾಣಪತ್ರ, ಮಗುವಿನ ಆಧಾರ್, ಯುಡಿಐಡಿ ಕಾರ್ಡ್ (ಅಂಗವೈಕಲ್ಯದ ಗುರುತಿನ ಚೀಟಿ), ಆಧಾರ್ ಜೋಡಿಸಿದ ಬ್ಯಾಂಕ್ ಖಾತೆ. ಯುಡಿಐಡಿಗೆ ಸ್ವಾವಲಂಬನ್ ಪೋರ್ಟಲಿನಲ್ಲಿ ಅರ್ಜಿ ಹಾಕಬೇಕು. ಗ್ರಾಮ ಪಂಚಾಯಿತಿಯಲ್ಲಿ ವಿಆರ್‌ಡಬ್ಲ್ಯು, ಅಂದರೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ, ಅರ್ಜಿ ತುಂಬಿಸುವುದು ಅವರ ಕೆಲಸ. ತಪಾಸಣೆಗೆ ಹೋಗುವ ಮುನ್ನ ವೈದ್ಯರ ಮಂಡಳಿ ಯಾವ ವಾರ ಕೂಡುತ್ತದೆ ಎಂದು ಅವರಿಂದಲೇ ಫೋನ್ ಮಾಡಿಸಿ ತಿಳಿದುಕೊಳ್ಳಿ. ಎಂಟು ವರ್ಷದ ಮಗುವನ್ನು ಎತ್ತಿಕೊಂಡು ಬಾಗಲಕೋಟೆಯ ನವನಗರದ ಜಿಲ್ಲಾ ಆಸ್ಪತ್ರೆಗೆ ಹೋಗಿ ಬರಿಗೈಲಿ ಬರುವುದು ಸಣ್ಣ ಕಷ್ಟವಲ್ಲ. ಮಕ್ಕಳಿಗೆ ಹಲವು ಸಲ ತಾತ್ಕಾಲಿಕ ಪ್ರಮಾಣಪತ್ರ ಕೊಡುತ್ತಾರೆ, ಮುಗಿಯುವ ದಿನಾಂಕ ನೋಡಿಕೊಳ್ಳಿ.

ಹಣ ನಿಲ್ಲುವುದು ಹೆಚ್ಚಾಗಿ ಹೆಸರಿನ ವ್ಯತ್ಯಾಸದಿಂದ. ಜನನ ಪ್ರಮಾಣಪತ್ರದಲ್ಲಿ ಬರೀ ಹೆಸರು, ಆಧಾರಿನಲ್ಲಿ ಹೆಸರು, ತಂದೆ ಹೆಸರು, ಅಡ್ಡಹೆಸರು ಮೂರೂ, ಬ್ಯಾಂಕಿನಲ್ಲಿ ಇನಿಷಿಯಲ್. ನಮ್ಮ ಭಾಗದಲ್ಲಿ ಇದು ಮನೆಮನೆಯ ರೋಗ. ಮೊದಲು ಆಧಾರ್ ಸರಿಮಾಡಿಸಿ, ಉಳಿದದ್ದನ್ನು ಅದಕ್ಕೆ ಹೊಂದಿಸಿ. ಐದು ವರ್ಷ ತುಂಬಿದ ಮೇಲೆ ಮಗುವಿನ ಬೆರಳಚ್ಚು, ಕಣ್ಣಿನ ದಾಖಲೆ ಹೊಸದಾಗಿ ಕೊಡಬೇಕು. ಎಂಟಾಯಿತು, ಆಗಿದೆಯೇ ನೋಡಿ. ಕೈ ಬಿಗಿಯಾಗಿ ಬೆರಳು ಕೂಡದಿದ್ದರೆ ವಿನಾಯಿತಿಯ ದಾರಿ ಇದೆ, ಕೇಂದ್ರದವರನ್ನು ಕೇಳಿ. ಯಾವ ಅರ್ಜಿ ಕೊಟ್ಟರೂ ಎರಡು ಪ್ರತಿ ಮಾಡಿ, ಒಂದರ ಮೇಲೆ ಸಹಿ, ಸಿಕ್ಕಾ, ದಿನಾಂಕ ಹಾಕಿಸಿಕೊಳ್ಳಿ. ಎಲ್ಲವನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಎತ್ತರದ ಮೇಲಿಡಿ. ಘಟಪ್ರಭೆಯ ದಂಡೆಯವರಿಗೆ 2019ರ ಆಗಸ್ಟ್ ನೆನಪಿಸಬೇಕಿಲ್ಲ.

ದುಡ್ಡಿನ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಸಮಗ್ರ ಶಿಕ್ಷಾ ಎಂಬ ಸರ್ಕಾರಿ ಶಾಲಾ ಯೋಜನೆಯಲ್ಲಿ ವಿಶೇಷ ಅಗತ್ಯದ ಮಗುವಿಗೆ ವರ್ಷಕ್ಕೆ 3,500 ರೂಪಾಯಿಯ ಲೆಕ್ಕ ಇದೆ. ಅದು ನಿಮ್ಮ ಕೈಗೆ ಬರುವ ನಗದಲ್ಲ, ಸಲಕರಣೆ, ಸಾಮಗ್ರಿ, ಸೇವೆಗಳಿಗೆ ಹೋಗುತ್ತದೆ. ಹೆಣ್ಣುಮಕ್ಕಳಿಗೆ ತಿಂಗಳಿಗೆ 200ರಂತೆ 10 ತಿಂಗಳ ಪ್ರೋತ್ಸಾಹಧನ ನೇರ ಖಾತೆಗೆ. ಗಾಲಿ ಕುರ್ಚಿ, ಸಿಪಿ ಚೇರ್ (ಸೆರೆಬ್ರಲ್ ಪಾಲ್ಸಿ ಮಕ್ಕಳ ಕುರ್ಚಿ), ಕ್ಯಾಲಿಪರ್ (ಕಾಲಿಗೆ ಕಟ್ಟುವ ಆಸರೆ) ಮುಂತಾದವು ಕೇಂದ್ರ ಸರ್ಕಾರದ ಅಲಿಮ್ಕೋ ಸಂಸ್ಥೆಯ ಮೂಲಕ, ತಾಲ್ಲೂಕಿನ ತಪಾಸಣಾ ಶಿಬಿರದಲ್ಲಿ ಅಳತೆ ತೆಗೆದು ಬರುತ್ತವೆ. ಅಳತೆ ತೆಗೆದು ತಿಂಗಳುಗಳೇ ಕಳೆದಿದ್ದರೆ ಪಡೆಯುವ ದಿನ ಮಗುವನ್ನು ಅದರಲ್ಲಿ ಕೂಡಿಸಿ ನೋಡಿಯೇ ಸಹಿ ಮಾಡಿ. ಮಗು ಬೆಳೆದಿರುತ್ತದೆ, ಕುರ್ಚಿ ಬೆಳೆದಿರುವುದಿಲ್ಲ.

ಕುರ್ಚಿ ಬರುವತನಕ ಸುಮ್ಮನಿರುವುದು ಬೇಡ. ಇಂಥ ಮಗುವಿನ ಕಲಿಕೆ ಕೂಡುವ ಭಂಗಿಯಿಂದ ಶುರುವಾಗುತ್ತದೆ. ಮೈ ಜಾರುತ್ತಿದ್ದರೆ ಅವಳ ಶಕ್ತಿಯೆಲ್ಲ ಬೀಳದಂತೆ ಇರುವುದಕ್ಕೇ ಖರ್ಚಾಗುತ್ತದೆ, ಕಣ್ಣು-ಕೈಗೆ ಏನೂ ಉಳಿಯುವುದಿಲ್ಲ. ಎರಡು ಗೋಡೆ ಕೂಡುವ ಮೂಲೆಯಲ್ಲಿ ಕೂಡಿಸಿದರೆ ಭುಜ ತಾನಾಗಿ ಮುಂದೆ ಬರುತ್ತದೆ. ತೊಡೆಗಳು ಕತ್ತರಿಯಂತೆ ಕೂಡಿಕೊಳ್ಳುತ್ತಿದ್ದರೆ ನಡುವೆ ಹಳೆಯ ಕೌದಿಯನ್ನು ಸುರುಳಿ ಸುತ್ತಿ ಇಡಿ. ಬಡಿಗೇರರಿಂದ ಕುರ್ಚಿ ಮಾಡಿಸುವುದಾದರೆ ಮೂರು ಅಳತೆ ಸಾಕು. ಹಿಮ್ಮಡಿಯಿಂದ ಮೊಣಕಾಲಿನ ಹಿಂದಿನ ಮಡಿಕೆವರೆಗೆ ಎಷ್ಟೋ ಅದು ಕೂಡುವ ಹಲಗೆಯ ಎತ್ತರ, 28 ಸೆಂ.ಮೀ. ಇದ್ದರೆ 28. ಬೆನ್ನಿನಿಂದ ಮೊಣಕಾಲಿನ ಮಡಿಕೆವರೆಗಿನ ಅಳತೆಯಲ್ಲಿ 3 ಸೆಂ.ಮೀ. ಕಡಿಮೆ ಮಾಡಿದರೆ ಹಲಗೆಯ ಆಳ. ಮುಂದಿನ ಮೇಜು ಮಡಚಿದ ಮೊಣಕೈ ಮಟ್ಟಕ್ಕೆ ಅಥವಾ 2 ಸೆಂ.ಮೀ. ಮೇಲೆ. "ಬೆಳೆಯೋ ಮಗು, ಸ್ವಲ್ಪ ದೊಡ್ಡದಿರಲಿ" ಎಂದು ಮಾಡಿಸಿದರೆ ಪಾದ ತೂಗಾಡುತ್ತದೆ, ಪಾದ ತೂಗಾಡಿದರೆ ಇಡೀ ಮೈ ಬಿಗಿಯುತ್ತದೆ. ಕಾಲು ಬಿಗಿಯಾಗಿದೆ ಎಂದು ಜಗ್ಗಿ ತಿಕ್ಕುವುದನ್ನು ಯಾರೂ ಮಾಡಬಾರದು, ಮಾಲೀಸು ಬಲ್ಲ ಆಯಿಯೂ ಸಹ. ಫಿಸಿಯೋಥೆರಪಿಯವರು ತೋರಿಸಿದಷ್ಟೇ.

ಇನ್ನು ಪಾಠ. ಬಿಐಇಆರ್‌ಟಿ ಐಇಪಿ ಎಂಬ ಒಂದು ಯೋಜನೆ ಬರೆಯಬೇಕು, ಈ ಮಗುವಿಗೆಂದೇ ಮಾಡಿದ ಕಲಿಕಾ ಯೋಜನೆ. ಅದರ ಪ್ರತಿ ನಿಮ್ಮಲ್ಲಿರಲಿ. "ಅಕ್ಷರ ಕಲಿಸುವುದು" ಎಂದಷ್ಟೇ ಬರೆದಿದ್ದರೆ ತಿದ್ದಿಸಿ. ಮೂರು ತಿಂಗಳಿಗೆ ಮೂರೇ ಗುರಿ ಸಾಕು, ಪ್ರತಿಯೊಂದೂ ಎಣಿಸಲು ಬರುವಂತಿರಬೇಕು: "ನೀರು ಬೇಕಾದಾಗ ನೀರಿನ ಚಿತ್ರದ ಕಡೆ ನೋಡುತ್ತಾಳೆ, 5 ಸಲದಲ್ಲಿ 4 ಸಲ".

ಮಾತು ಸ್ಪಷ್ಟವಿಲ್ಲದವಳಿಗೆ ನಾನು ಮೊದಲು ಇಡುವ ಗುರಿ ಇದೇ. ಹತ್ತು ಚಿತ್ರದ ಬೋರ್ಡಿನಿಂದ ಶುರುಮಾಡಬೇಡಿ, ಎರಡೇ ಸಾಕು. ಅಂಗಡಿಯ ಚಾರ್ಟಿನ ಗಾಜಿನ ಲೋಟ ಬೇಡ, ನಿಮ್ಮ ಮನೆಯ ಸ್ಟೀಲ್ ಲೋಟದ್ದೇ ಫೋಟೋ ತೆಗೆದು ಅಂಗೈಯಗಲ ಪ್ರಿಂಟ್ ಹಾಕಿಸಿ. ಎರಡು ಚಿತ್ರಗಳ ನಡುವೆ ಒಂದು ಅಡಿ ಅಂತರ ಇರಲಿ, ಆಗ ಅವಳ ಕಣ್ಣು ಎತ್ತ ಹೋಯಿತು ಎಂಬುದು ನಿಮಗೆ ಸ್ಪಷ್ಟ ಕಾಣುತ್ತದೆ. "ನೀರು ಬೇಕೋ, ಹೊರಗೆ ಹೋಗೋಣೋ?" ಎಂದು ಒಮ್ಮೆ ಕೇಳಿ ಮನಸ್ಸಿನಲ್ಲೇ ಹತ್ತು ಎಣಿಸಿ. ಎಲ್ಲರೂ ಸೋಲುವುದು ಇಲ್ಲಿಯೇ. ಮೂರು ಎಣಿಸುವಷ್ಟರಲ್ಲಿ ಮತ್ತೆ ಕೇಳುತ್ತಾರೆ, ಪಕ್ಕದಲ್ಲಿದ್ದ ಅಜ್ಜಿ ಇನ್ನೊಮ್ಮೆ, ಅಣ್ಣ ಇನ್ನೊಮ್ಮೆ. ಇಂಥ ಮಗುವಿಗೆ ಉತ್ತರ ಗೊತ್ತಿದ್ದರೂ ಕಣ್ಣನ್ನು, ಕತ್ತನ್ನು ಅತ್ತ ತಿರುಗಿಸಲು ಹೊತ್ತು ಬೇಕು. ಪ್ರತಿ ಹೊಸ ಪ್ರಶ್ನೆಗೂ ಅವಳು ಮೊದಲಿನಿಂದ ಶುರುಮಾಡಬೇಕಾಗುತ್ತದೆ. ನೋಡಿದ ತಕ್ಷಣ ಅದನ್ನೇ ಕೊಡಿ. ತಪ್ಪಿ ನೋಡಿದಳೆಂದು ಅನಿಸಿದರೂ ಅದನ್ನೇ ಕೊಡಿ, ನೋಡಿದರೆ ಸಿಗುತ್ತದೆ ಎಂಬುದು ಮೊದಲು ಅವಳಿಗೆ ಖಾತ್ರಿಯಾಗಬೇಕು. ಎಡ-ಬಲ ಬದಲಿಸುತ್ತಿರಿ, ಇಲ್ಲದಿದ್ದರೆ ಸುಲಭವಾದ ಕಡೆಗೇ ನೋಡುವ ರೂಢಿ ಬೀಳುತ್ತದೆ.

ಎರಡನೆಯದು ಊಟ. ಒಂದು ಎಚ್ಚರಿಕೆ ಮೊದಲೇ ಹೇಳಬೇಕು. ತಿನ್ನುವಾಗ ಪದೇಪದೇ ಕೆಮ್ಮು, ತಿಂದ ಮೇಲೆ ಗಂಟಲಲ್ಲಿ ಗೊರಗೊರ ಇದ್ದರೆ ಇದನ್ನು ಶುರುಮಾಡದೆ ಡಾಕ್ಟರಿಗೆ ತೋರಿಸಿ, ಆಹಾರ ಶ್ವಾಸನಾಳಕ್ಕೆ ಹೋಗುತ್ತಿರಬಹುದು. ಅದಿಲ್ಲದಿದ್ದರೆ ಬಿಸಿ ಜೋಳದ ರೊಟ್ಟಿಯನ್ನು ಬ್ಯಾಳಿಯಲ್ಲಿ ನೆನೆಸಿ ಇಟ್ಟುಕೊಳ್ಳಿ. ಕಡಕ್ ರೊಟ್ಟಿ ಸದ್ಯ ಬೇಡ. ಕೆಲಸವನ್ನು ಒಡೆಯಿರಿ: ತಟ್ಟೆಗೆ ಕೈ ಒಯ್ಯುವುದು, ತುಣುಕು ಹಿಡಿಯುವುದು, ಎತ್ತುವುದು, ಬಾಯಿ ಹತ್ತಿರ ತರುವುದು, ಬಾಯಿಗೆ ಹಾಕುವುದು. ಕಲಿಸುವುದು ಕೊನೆಯಿಂದ. ಮೊದಲ ನಾಲ್ಕನ್ನು ಅವಳ ಕೈಯನ್ನು ಹಿಡಿದು ನೀವೇ ಮಾಡಿಸಿ, ತುಟಿಯ ಹತ್ತಿರ ಬಂದಾಗ ನಿಮ್ಮ ಕೈ ಬಿಡಿ. ಕೊನೆಯ ಎರಡು ಇಂಚು ಅವಳದು. ಅದು ಬಂದ ಮೇಲೆ ಎದೆಯ ಮಟ್ಟದಲ್ಲೇ ಬಿಡಿ, ಆಮೇಲೆ ತಟ್ಟೆಯ ಮೇಲೆ. ಮೊದಲ ಹೆಜ್ಜೆಯಿಂದ ಕಲಿಸಿದರೆ ಮಗು ಪ್ರತಿಸಲ ನಡುವೆ ಸೋತು ನಿಲ್ಲುತ್ತದೆ. ಕೊನೆಯಿಂದ ಕಲಿಸಿದರೆ ಪ್ರತಿ ಪ್ರಯತ್ನವೂ ಬಾಯಲ್ಲಿ ರೊಟ್ಟಿಯೊಂದಿಗೆ ಮುಗಿಯುತ್ತದೆ. ನಿಂತು ಮೇಲಿನಿಂದ ಉಣಿಸಬೇಡಿ, ಕತ್ತು ಹಿಂದಕ್ಕೆ ಬಾಗುತ್ತದೆ. ಎದುರಿಗೆ, ಅವಳ ಕಣ್ಣಿನ ಮಟ್ಟಕ್ಕೆ ಕೂಡ್ರಿ.

ದಿನಕ್ಕೆ ಎಷ್ಟು ಹೊತ್ತು? 15-20 ನಿಮಿಷದ ಎರಡು ಸರದಿ, ಉಳಿದದ್ದು ಊಟ, ಜಳಕ, ಬಟ್ಟೆ ಹಾಕುವ ಹೊತ್ತಿನಲ್ಲೇ. ಒಂದು ಹಳೆಯ ನೋಟುಬುಕ್ಕಿನಲ್ಲಿ ದಿನಕ್ಕೆ ಐದು ಪ್ರಯತ್ನ ಬರೆಯಿರಿ. ತಾನೇ ಮಾಡಿದರೆ "ತಾ", ಬಾಯಿಂದ ಹೇಳಿದ ಮೇಲೆ ಮಾಡಿದರೆ "ಮಾ", ಕೈ ಹಿಡಿದರೆ "ಕೈ". ಸತತ ಮೂರು ದಿನ ಐದರಲ್ಲಿ ನಾಲ್ಕು "ತಾ" ಬಂದರೆ ಮುಂದಿನ ಹೆಜ್ಜೆ. ಎರಡು ವಾರ ಬರೀ "ಕೈ" ಬರುತ್ತಿದ್ದರೆ ಗುರಿ ದೊಡ್ಡದಾಯಿತು, ಇನ್ನೂ ಸಣ್ಣಗೆ ಒಡೆಯಬೇಕು. ನಿಮಗೆ ಬರೆಯಲು ಬಾರದಿದ್ದರೆ ಎರಡು ಡಬ್ಬಿಯಲ್ಲಿ, ತಾನೇ ಮಾಡಿದ್ದಕ್ಕೊಂದು, ಉಳಿದದ್ದಕ್ಕೊಂದು, ಜೋಳದ ಕಾಳು ಹಾಕಿದರೂ ಲೆಕ್ಕವೇ, ಡಬ್ಬಿ ಮಾತ್ರ ಅವಳ ಕೈಗೆ ಸಿಗದಂತಿರಲಿ. ಟೀಚರ್ ಬಂದಾಗ ಈ ಪುಸ್ತಕ ಮುಂದಿಡಿ. "ಹೇಗಿದ್ದಾಳೆ?", "ಆರಾಮ್ ಇದ್ದಾಳ್ರಿ" ಎಂಬ ಮಾತಿನಲ್ಲಿ ಭೇಟಿ ಮುಗಿಯುವುದು ಅದರಿಂದ ತಪ್ಪುತ್ತದೆ. ಭೇಟಿಯ ದಿನಾಂಕವನ್ನೂ ಅದರಲ್ಲೇ ಬರೆದು ಅವರಿಂದ ಸಹಿ ಮಾಡಿಸಿ. ತಿಂಗಳುಗಟ್ಟಲೆ ಯಾರೂ ಬರದಿದ್ದರೆ ಕ್ಷೇತ್ರ ಸಮನ್ವಯಾಧಿಕಾರಿಗೆ ಕೊಡುವ ಅರ್ಜಿಗೆ ಈ ಪುಟದ ನಕಲೇ ಸಾಕ್ಷಿ. ಒಬ್ಬೊಬ್ಬರ ಮೇಲೆ ಎಷ್ಟೋ ಹಳ್ಳಿಗಳ ಹೊರೆ ಇರುತ್ತದೆ ಎಂಬುದೂ ನಿಜ, ಆದ್ದರಿಂದ ಅರ್ಜಿಯ ಭಾಷೆ ಜಗಳದ್ದಾಗಬೇಕಿಲ್ಲ.

ಕಬ್ಬು ಕಡಿಯಲು, ಗೋವಾಕ್ಕೋ ಮಹಾರಾಷ್ಟ್ರಕ್ಕೋ ದುಡಿಯಲು ಹೋಗುವ ಮನೆಯವರು ಹೋಗುವ ಮುನ್ನ ಹೆಡ್‌ಮಾಸ್ತರಿಗೂ ಬಿಐಇಆರ್‌ಟಿಗೂ ಬರೆದು ತಿಳಿಸಿ, ಸ್ಯಾಟ್ಸ್ ಸಂಖ್ಯೆ ಮತ್ತು ಐಇಪಿ ಪ್ರತಿ ಜೊತೆಗೆ ಒಯ್ಯಿರಿ. ಹದಿನಾಲ್ಕು ತುಂಬಿತು, ಇನ್ನು ಮುಗಿಯಿತು ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ವಿಕಲಚೇತನರ ಹಕ್ಕುಗಳ ಕಾಯ್ದೆ 2016ರಲ್ಲಿ 40% ಅಥವಾ ಅದಕ್ಕಿಂತ ಹೆಚ್ಚು ಅಂಗವೈಕಲ್ಯದ ಮಗುವಿಗೆ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕಿದೆ.

ಪ್ರತಿ ಜೂನ್‌ನಲ್ಲಿ, ಶಾಲೆ ಶುರುವಾದ ಮೇಲೆ, ಒಂದು ಪ್ರಶ್ನೆಯನ್ನು ಬರೆದೇ ಕೇಳಿ: ಈ ವರ್ಷ ಎಷ್ಟು ದಿನ ಶಾಲೆಗೆ ಕರೆತರಬಹುದು, ಅದಕ್ಕೆ ಶಾಲೆ ಏನು ಮಾಡುತ್ತದೆ? ಮೊದಲ ಸಲ ಆಗಸ್ಟ್ 15ರ ಧ್ವಜವಂದನೆಗೆ ಒಂದು ತಾಸು ಕರೆದೊಯ್ಯಿರಿ. ಆ ಗದ್ದಲ, ಬ್ಯಾಂಡು ಅವಳಿಗೆ ಹೊಸದು, ಬೆಚ್ಚಿ ಮೈ ಬಿಗಿಯಬಹುದು. ಹಿಂದಿನ ಸಾಲಿನಲ್ಲಿ, ನೆರಳಲ್ಲಿ, ಗೋಡೆಗೆ ಹತ್ತಿಕೊಂಡು ಕೂಡಿಸಿ. ಹಿಂದಿನ ದಿನವೇ ಅವಳ ತರಗತಿಯ ನಾಲ್ಕು ಮಕ್ಕಳನ್ನು ಮನೆಗೆ ಕರೆಸಿ, ಆ ಎರಡು ಚಿತ್ರ ತೋರಿಸಿ ಅವಳನ್ನು ಮಾತಾಡಿಸುವುದು ಹೇಗೆಂದು ಹೇಳಿಕೊಡಿ. ಹತ್ತು ಎಣಿಸುವ ಆಟ ದೊಡ್ಡವರಿಗಿಂತ ಮಕ್ಕಳಿಗೆ ಬೇಗ ಬರುತ್ತದೆ.