ಅಪ್ಪೆಮಿಡಿ ಎಲೆ ಜರ್ಮನಿಗೆ: ತಡೆ ಎಲ್ಲಿದೆ?

ಉಪ್ಪಿನಕಾಯಿಗೆ ಹೆಸರಾದ ಶಿರಸಿಯ ಅಪ್ಪೆಮಿಡಿ ಮಾವಿನ ಎಲೆಗಳ ಮಾದರಿಯನ್ನು ನಿಮ್ಮ ಪ್ರಯೋಗಾಲಯದಿಂದ ಜರ್ಮನಿಯ ವಿಶ್ವವಿದ್ಯಾಲಯವೊಂದಕ್ಕೆ ಕಳುಹಿಸುವುದನ್ನು ಪಂಚಾಯಿತಿಯ ಜೀವವೈವಿಧ್ಯ ಸಮಿತಿ ತಡೆದಿದೆ ಎಂದು ಬರೆದಿದ್ದೀರಿ. ಬಹುಶಃ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ಪೂರ್ವಾನುಮತಿ ಇಲ್ಲದಿರುವುದೇ ಕಾರಣ. ನಿಮ್ಮ ಕೈಯಲ್ಲಿರುವ ಸಸ್ಯ ಆರೋಗ್ಯ ಪ್ರಮಾಣಪತ್ರ ಕೀಟ, ರೋಗಗಳ ವಿಷಯಕ್ಕಷ್ಟೇ ಸಂಬಂಧಿಸಿದ್ದು.

ಮೊದಲು ಆ ವಿಶ್ವವಿದ್ಯಾಲಯದೊಂದಿಗಿನ ಒಪ್ಪಂದ ಪತ್ರ ತೆಗೆದು ನೋಡಿ. ಕೇಂದ್ರ ಸರ್ಕಾರ ಅನುಮೋದಿಸಿದ ಸಹಯೋಗ ಯೋಜನೆಯಾಗಿದ್ದರೆ 2002ರ ಜೀವವೈವಿಧ್ಯ ಕಾಯ್ದೆಯ 5ನೇ ಕಲಂ ಈ ಪೂರ್ವಾನುಮತಿಯಿಂದ ವಿನಾಯಿತಿ ಕೊಡುತ್ತದೆ. ಪತ್ರ ನೋಡದೆ ನಿಮ್ಮದು ಆ ಬಗೆಯದೇ ಎಂದು ಹೇಳಲಾರೆ. ಎರಡು ಸಂಸ್ಥೆಗಳು ತಾವೇ ಸಹಿ ಹಾಕಿಕೊಂಡ ಕಾಗದವಾದರೆ ವಿನಾಯಿತಿಯ ಆಸೆ ಬಿಡಿ.

ಆಗ 3ನೇ ಕಲಮಿನಡಿ ಚೆನ್ನೈನ ಪ್ರಾಧಿಕಾರಕ್ಕೆ ಅರ್ಜಿ ಹಾಕಬೇಕು. ಹಾಕಬೇಕಾದವರು ಜರ್ಮನಿಯ ವಿಶ್ವವಿದ್ಯಾಲಯದವರು, ನೀವಲ್ಲ. ನಾನು ಕಂಡ ಕಡತಗಳು ಹೆಚ್ಚಾಗಿ ನಿಂತದ್ದು ಇಲ್ಲೇ. ಯಾವ ಊರಿನ ಮರ, ಎಷ್ಟು ಎಲೆ, ಏನು ಪರೀಕ್ಷೆ ಎಂಬುದನ್ನು ಸ್ಪಷ್ಟವಾಗಿ ಬರೆಸಿ. ನಿರ್ಧಾರಕ್ಕೆ ಮುನ್ನ ಪ್ರಾಧಿಕಾರ ಸ್ಥಳೀಯ ಸಮಿತಿಯನ್ನು ಕೇಳಬೇಕೆಂದು 41ನೇ ಕಲಂ ಹೇಳುತ್ತದೆ. ಹಾಗಾಗಿ ಸಮಿತಿಯವರೊಂದಿಗೆ ಜಗಳ ಬೇಡ. ಮರದ ಯಜಮಾನರನ್ನೂ ಕೂರಿಸಿಕೊಂಡು, ಮುಂದೆ ಲಾಭ ಬಂದರೆ ಊರಿಗೇನು ಎಂಬುದನ್ನು ಈಗಲೇ ಬರೆದುಕೊಳ್ಳಿ. ಜೈವಿಕ ಸಂಪನ್ಮೂಲದ ಲಾಭವನ್ನು ಹಂಚಿಕೊಳ್ಳುವ ಕುರಿತು 2014ರಿಂದ ಜಾರಿಯಲ್ಲಿರುವ ಅಂತರರಾಷ್ಟ್ರೀಯ ನಗೋಯಾ ಒಪ್ಪಂದದ ತಿರುಳೂ ಇದೇ.

ಅಪ್ಪೆಮಿಡಿಗೆ ಇರುವ ಭೌಗೋಳಿಕ ಸೂಚಿಕೆ ಇಲ್ಲಿ ಉಪಯೋಗಕ್ಕೆ ಬಾರದು. ಅದು ಹೆಸರನ್ನು ಕಾಯುತ್ತದೆ, ವಂಶವಾಹಿಯನ್ನಲ್ಲ.

ಎಲೆಯ ಬದಲು ಇಲ್ಲೇ ಪರೀಕ್ಷೆ ಮಾಡಿ ಅದರ ಫಲಿತಾಂಶವನ್ನು ಮಿಂಚಂಚೆಯಲ್ಲಿ ಕಳುಹಿಸಿಬಿಡೋಣ ಎನ್ನಿಸಬಹುದು. 4ನೇ ಕಲಂ ಅದಕ್ಕೂ ಅನುಮತಿ ಕೇಳುತ್ತದೆ. ಅನುಮತಿ ಬರುವವರೆಗೆ ಮಾದರಿಗಳು ನಿಮ್ಮ ಪ್ರಯೋಗಾಲಯದಲ್ಲೇ ಇರಲಿ.